ಕೊನೆಯ ಸ್ಟಾಪಿನ ಆಟ

ಡಿಪೋದಲ್ಲಿ ಅವನನ್ನು ಎಲ್ಲರೂ ಲೈಫಣ್ಣ ಎಂದೇ ಕರೆಯುತ್ತಿದ್ದರು. ಸಂಬಳದ ದಿನ ಬಿಟ್ಟರೆ ಅವನ ನಿಜವಾದ ಹೆಸರು ಯಾರಿಗೂ ಬೇಕಾಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಏರುರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತಿತಂತೆ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಇದರ ಕಥೆ ಮುಗೀತು" ಅಂದಾಗ ಇವನು, "ಇನ್ನೊಂದು ಲೈಫ್ ಇರಬೇಕು, ನೋಡಿ ಸಾರ್" ಅಂದನಂತೆ. ಅಷ್ಟೇ. ಹೆಸರು ಅಂಟಿಕೊಂಡಿತು.

ಅವನು ಓಡಿಸುತ್ತಿದ್ದ ಬಸ್ಸಿಗೆ ನಾನು ಕಂಡಕ್ಟರ್. ವಯಸ್ಸಿನಲ್ಲಿ ಅವನು ನನಗಿಂತ ಎಷ್ಟೋ ದೊಡ್ಡವನು. ಆದರೆ ವರ್ಷಗಟ್ಟಲೆ ಒಂದೇ ಬಸ್ಸಿನ ಹೊಗೆ ಕುಡಿದವರ ನಡುವೆ ಬಹುವಚನ ಎಷ್ಟು ದಿನ ನಿಂತೀತು? ಬೆಳಗಿನ ಪಾಳಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕೊನೆಯ ಸ್ಟಾಪು ಮುಟ್ಟಿದರೆ, ಮತ್ತೆ ಹೊರಡುವವರೆಗೆ ಒಂದಿಷ್ಟು ಬಿಡುವು ಸಿಗುತ್ತಿತ್ತು. ಜನ ಇಳಿದ ಮೇಲೆ ಇಂಜಿನ್ ಆಫ್ ಮಾಡಿ, ಲೈಫಣ್ಣ ಎರಡೂ ಕೈಯನ್ನು ಸ್ಟೀರಿಂಗ್ ಮೇಲೆ ಚೆಲ್ಲಿ ಕೂರುತ್ತಿದ್ದ. ಕ್ಲಚ್ ತುಳಿದು ತುಳಿದು ಎಡಗಾಲು ಕೊರಡಾಗಿತ್ತು. ಅದನ್ನು ಕೈಯಿಂದ ಎತ್ತಿ ಪಕ್ಕಕ್ಕಿಡುತ್ತಿದ್ದ, ಯಾರದೋ ಸಾಮಾನು ಎತ್ತಿಟ್ಟ ಹಾಗೆ. ಮೊದಮೊದಲು ಆ ಬಿಡುವಿನಲ್ಲಿ ನನಗೆ ಹೇಳುತ್ತಿದ್ದುದು ಒಂದೇ ವಿಷಯ: ಅವನೂ ಅವನ ಅಕ್ಕನೂ ಆಡಿದ ಆಟಗಳು.

ಅವರಪ್ಪನದು ಇಸ್ತ್ರಿ ಅಂಗಡಿ. ಇಸ್ತ್ರಿಯಾದ ಬಟ್ಟೆಯನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಅಕ್ಕ ತಮ್ಮನದು. ದಾರಿಯಲ್ಲಿ ಬಾಡಿಗೆ ಸೈಕಲ್ ಅಂಗಡಿ, ಅದರ ಹಿಂದಿನ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ವಿಡಿಯೊ ಗೇಮ್ ಡಬ್ಬ. ಒಬ್ಬರು ಆಡಲು ಮಾಡಿದ್ದ ಆ ಡಬ್ಬವನ್ನು ಇವರು ಇಬ್ಬರಾಗಿ ಆಡುತ್ತಿದ್ದರು. ಅತ್ತಿತ್ತ ತಿರುಗಿಸುವ ಕಡ್ಡಿ ಅಕ್ಕನ ಕೈಯಲ್ಲಿ, ಗುಂಡಿ ತಮ್ಮನ ಕೈಯಲ್ಲಿ. ದಾರಿ ಅವಳು ಹುಡುಕಬೇಕು, ಗುಂಡು ಇವನು ಹಾರಿಸಬೇಕು. ಆಟ ಮುಗಿದಾಗಲೆಲ್ಲ ಇವನು ಅಂಗಡಿಯವನ ಮುಂದೆ, "ಇನ್ನೊಂದೇ ಒಂದು ಲೈಫ್ ಕೊಡಿ" ಎಂದು ಗೋಗರೆಯುತ್ತಿದ್ದನಂತೆ. ಅದು ಅಂಗಡಿಯವನ ಕೈಯಲ್ಲಿಲ್ಲ ಎಂಬುದು ಇವನ ತಲೆಗೆ ಬಹಳ ದಿನ ಹೋಗಲೇ ಇಲ್ಲ.

ಒಂದು ದಿನ ಬಟ್ಟೆ ಎಲ್ಲಿ ಹೋಯಿತೆಂದು ಹುಡುಕುತ್ತ ಅಪ್ಪನೇ ಬಂದರು. ಯಾರದೋ ಬಿಳಿ ಶರಟುಗಳ ಕಟ್ಟು ಡಬ್ಬದ ತಲೆಯ ಮೇಲಿತ್ತು. ಇಬ್ಬರ ಕಿವಿಯೂ ಇವತ್ತು ಕಿತ್ತು ಬರುತ್ತೆ ಅಂದುಕೊಳ್ಳುತ್ತಿರುವಾಗ ಅಪ್ಪ ಪರದೆ ನೋಡುತ್ತಾ ನಿಂತುಬಿಟ್ಟರು.

"ಆ ಕೆಂಪಗಿರೋದು ಯಾರು?"

"ಶತ್ರು ಅಪ್ಪ."

"ಹಿಂದಿನಿಂದ ಬರ್ತಾ ಇದಾನಲ್ಲೋ! ಹೊಡಿ, ಹೊಡಿ! ಏ, ಏನು ನೋಡ್ತಾ ನಿಂತಿದೀಯ!"

ಆಟ ಮುಗಿದ ಮೇಲೆ ಅಪ್ಪನಿಗೆ ತಾನು ಬಂದ ಕೆಲಸ ನೆನಪಾಯಿತು. ಬಟ್ಟೆ ಕಟ್ಟನ್ನು ಕೈಗೆ ತೆಗೆದುಕೊಂಡು, ಮಡಿಕೆ ಮುರಿದಿದೆಯೇ ಎಂದು ನೋಡಿ, "ಆಡೋದಾದ್ರೆ ಆಡಿ. ಬಟ್ಟೆ ಮುಟ್ಟಿಸಿ ಬಂದ್ಮೇಲೆ ಆಡಿ" ಎಂದಷ್ಟೇ ಹೇಳಿ ಹೋದರು. ಇದನ್ನು ಹೇಳುವಾಗ ಲೈಫಣ್ಣನ ಮುಖದ ದಣಿವು ಸ್ವಲ್ಪ ಹೊತ್ತು ಎಲ್ಲಿಗೋ ಹೋಗುತ್ತಿತ್ತು.

ಅಕ್ಕನಿಗೆ ರೈಲು ನಿಲ್ದಾಣದಲ್ಲಿ ಕೆಲಸ ಸಿಕ್ಕಿತು. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ ಎಂದು ಮೈಕಿನಲ್ಲಿ ಹೇಳುವ ಕೆಲಸ. ಮದುವೆಯಾಯಿತು, ಬೇರೆ ಊರಿನ ನಿಲ್ದಾಣಕ್ಕೆ ವರ್ಗವಾಯಿತು. ತಮ್ಮ ಡ್ರೈವರಾಗಿ ಬಸ್ಸು ಹತ್ತಿದ. ಕೆಮ್ಮುತ್ತಲೇ ಇದ್ದ ಅಪ್ಪ ತೀರಿಕೊಂಡರು. ಆಟ ಮಾತ್ರ ಬಿಡಲಿಲ್ಲ. ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆ ಬಂದಾಗ ರಜೆಗೆ ಬಂದ ಅಕ್ಕ ಊಟ ತಿಂಡಿ ಮರೆತು ಅದರ ಮುಂದೆ ಕೂತಿರುತ್ತಿದ್ದಳು. ಕಂಪ್ಯೂಟರಿನಲ್ಲಿ ದೂರದೂರದವರು ಒಟ್ಟಿಗೆ ಆಡುವ ಆಟಗಳು ಬಂದ ಮೇಲೆ ರಜೆಯೂ ಬೇಕಾಗಲಿಲ್ಲ. ಬೆಟ್ಟ, ಕೋಟೆ, ಕಾಡು, ರಾಕ್ಷಸರು ತುಂಬಿದ ಒಂದು ದೊಡ್ಡ ಲೋಕ. ಅದರಲ್ಲಿ ಅಕ್ಕ ದಾರಿ ಹುಡುಕುವ ಬೇಹಿನವಳು, ತಮ್ಮ ಗುರಾಣಿ ಹಿಡಿದ ಸಿಪಾಯಿ. ಪಾಳಿ ಮುಗಿಸಿ ಬಂದು, ಮುಖ ತೊಳೆದು, ಕಿವಿಗೆ ಹೆಡ್‌ಫೋನ್ ಏರಿಸಿದರೆ ಮುಗಿಯಿತು.

"ಟೇಬಲ್ ಮೇಲೆ ತಟ್ಟೆ ಇಟ್ಟು ಎಷ್ಟೊತ್ತಾಯ್ತು! ನಿಮ್ಮ ರಾಕ್ಷಸ ಸಾಯೋವರೆಗೂ ಊಟ ಕಾಯುತ್ತಾ?" ಎಂದು ಅತ್ತಿಗೆ ಕೂಗುತ್ತಿದ್ದರು. ಲೈಫಣ್ಣನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ.

"ಇನ್ನೇನು ಸಾಯ್ತಾನೆ, ಬಂದೆ."

"ಅವನು ಸಾಯೋದು ನಾಳೆ. ನೀವು ಬನ್ನಿ ಈಗ."

ಹೀಗೆ ಎಷ್ಟೋ ವರ್ಷ ನಡೆಯಿತು. ಆಮೇಲೆ ಅಕ್ಕ ಬೀಳಲು ಶುರುಮಾಡಿದಳು.

ಆಟದೊಳಗೆ ಬೀಳುವುದು. ಸೇತುವೆ ದಾಟುವಾಗ ಅಂಚಿನಿಂದ ಜಾರಿ ನೀರಿಗೆ. ಪಕ್ಕದಲ್ಲೇ ತೋಳ ನಿಂತಿದ್ದರೂ ಸುಮ್ಮನೆ ಅದರ ಮುಂದೆ ಹಾದುಹೋಗುವುದು. ತಮ್ಮ ನಕ್ಕ, ರೇಗಿಸಿದ, ವಯಸ್ಸಾಯಿತು ನಿನಗೆ ಎಂದ. ಒಂದು ಸಂಜೆ ಅವಳು ಸೇತುವೆಯ ಈಚೆಯೇ ನಿಂತುಬಿಟ್ಟಳು.

"ಬಾ ಅಕ್ಕಾ, ಯಾಕೆ ನಿಂತೆ?"

"ಸೇತುವೆ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ ಕಣೋ."

"ಬೆಳಕು ಜಾಸ್ತಿ ಮಾಡ್ಕೋ ಸ್ವಲ್ಪ."

"ಕಂಪ್ಯೂಟರಿನ ಬೆಳಕು ಸರಿಯಾಗಿದೆ" ಎಂದಳು ಅಕ್ಕ.

ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುತ್ತಾ ಬಂದಿತ್ತು. ನೋವಿಲ್ಲದ ಕಾಯಿಲೆ. ದೃಷ್ಟಿ ಅಂಚಿನಿಂದ ಒಳಗೊಳಗೆ ಸವೆಯುತ್ತದೆ, ಬಹುಪಾಲು ಹೋಗುವವರೆಗೆ ಗೊತ್ತೇ ಆಗುವುದಿಲ್ಲ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ನೋಡೋಣ ಎಂದರು ಡಾಕ್ಟರು. ಕಣ್ಣಿಗೆ ಔಷಧಿ ಬಿಟ್ಟರು, ಆಪರೇಷನ್ ಮಾಡಿದರು. ಇದ್ದದ್ದೂ ಹೆಚ್ಚು ಉಳಿಯಲಿಲ್ಲ.

ಲೈಫಣ್ಣ ಸೋಲೊಪ್ಪಲಿಲ್ಲ. "ನಾನು ಹೇಳ್ತೀನಿ, ನೀನು ನಡಿ" ಎಂದ. ಎಡಕ್ಕೆ, ಇನ್ನೂ ಎಡಕ್ಕೆ, ನಿಲ್ಲು, ಈಗ ನೇರ. ದಿನವೆಲ್ಲ ಬಸ್ಸು ಓಡಿಸಿ ಬಂದು, ಮತ್ತೆ ಅಕ್ಕನನ್ನು ಓಡಿಸಿದ. ಕೂಗಿ ಕೂಗಿ ಅವನ ದನಿ ಬಿದ್ದುಹೋಯಿತು, ಕೇಳಿ ಕೇಳಿ ಅವಳ ಮನಸ್ಸು ಮುದುಡಿತು. ಕೊನೆಗೊಂದು ದಿನ, "ಸಾಕು ಬಿಡಪ್ಪ, ನಾನೇನು ನಿನ್ನ ಬಸ್ಸಾ?" ಎಂದು ಹೆಡ್‌ಫೋನ್ ತೆಗೆದಿಟ್ಟಳು.

ನಾನು ಅವನ ಬಸ್ಸಿಗೆ ಬಂದಿದ್ದು ಅದಾದ ಮೇಲೆ. ಒಬ್ಬನೇ ಆಡಲು ನೋಡಿದೆ, ಆಗಲಿಲ್ಲ ಎಂದಿದ್ದ. ಗುರಾಣಿ ಹಿಡಿದು ನಿಂತರೆ ಹಿಂದೆ ಕಾಯಲು ಯಾರೂ ಇಲ್ಲ. ಸುಮ್ಮನೆ ಒಂದು ಬಂಡೆಯ ಮೇಲೆ ಸಿಪಾಯಿಯನ್ನು ಕೂರಿಸಿ, ಅವನ ಸುತ್ತ ಬೆಳಕು ಹರಿಯುವುದನ್ನು, ಕತ್ತಲಾಗುವುದನ್ನು ನೋಡಿ ಎದ್ದುಬಿಡುತ್ತಿದ್ದನಂತೆ. ಕೆಲವು ವಾರದಲ್ಲಿ ಅತ್ತಿಗೆ ಕಂಪ್ಯೂಟರಿಗೆ ಹಳೆಯ ದಿಂಬಿನ ಕವರು ಹೊದಿಸಿದರು. ಆ ಕಾಲದಲ್ಲಿ ಅವನು ಆಟದ ಮಾತಾಡುತ್ತಿದ್ದುದು ತೀರಿಹೋದವರ ಬಗ್ಗೆ ಮಾತಾಡಿದ ಹಾಗೆ. ಎಲ್ಲವೂ ಚೆನ್ನಾಗಿತ್ತು, ಎಲ್ಲವೂ ಆಗಿಹೋಗಿತ್ತು.

ಒಂದು ಮಧ್ಯಾಹ್ನ ಕೊನೆಯ ಸ್ಟಾಪಿನಲ್ಲಿ ನಾನು ಹಿಂದಿನ ಸೀಟಿನಲ್ಲಿ ಕೂತು ಚಿಲ್ಲರೆ ಜೋಡಿಸುತ್ತಿದ್ದೆ. ಅವನ ಫೋನು ರಿಂಗಾಯಿತು. ಕೈಯಲ್ಲಿ ಟೀ ಇದ್ದುದರಿಂದ ಸ್ಪೀಕರಿಗೆ ಹಾಕಿ ಡ್ಯಾಶ್‌ಬೋರ್ಡಿನ ಮೇಲಿಟ್ಟ.

"ಖಾಲಿ ಇದೀಯೇನೋ?" ಎಂದಿತು ಹೆಂಗಸಿನ ದನಿ. ಎಂಥ ದನಿ! ಖಾಲಿ ಬಸ್ಸಿನ ಮೂಲೆಮೂಲೆಗೂ ಸ್ಪಷ್ಟವಾಗಿ ಬಂದು ತಲುಪಿತು.

"ಇದೀನಿ, ಹೇಳಕ್ಕ."

"ಕಣ್ಣು ಮುಚ್ಕೋ. ಮುಚ್ಚಿದೀಯಾ?"

"ಮುಚ್ಚಿದೆ."

"ಒಂದು ಹೊಳೆ ಇದೆ. ನೀನು ಈಚೆ ದಡದಲ್ಲಿದೀಯ. ಗುರಾಣಿ ಒದ್ದೆಯಾಗಿ ಭಾರ ಆಗಿದೆ. ಆಚೆ ದಡದಲ್ಲಿ ಯಾರೋ ದೀಪ ಆಡಿಸ್ತಾ ಇದಾರೆ. ಏನ್ಮಾಡ್ತೀಯ?"

ಲೈಫಣ್ಣ ಟೀ ಕೆಳಗಿಟ್ಟ. ಆಮೇಲೆ ಕಣ್ಣು ಮುಚ್ಚಿಕೊಂಡೇ, "ದೋಣಿ ಇದೆಯಾ?" ಎಂದ.

ಮೇಜಿನ ಸುತ್ತ ಕೂತು, ಬಾಯಲ್ಲೇ ಕಥೆ ಕಟ್ಟಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ ಉಂಟೆಂದು ಅಕ್ಕನಿಗೆ ಯಾರೋ ಹೇಳಿದ್ದರಂತೆ. ಅದಕ್ಕೆ ಪರದೆ ಬೇಡ. ಏಟು ಬಿತ್ತೋ ತಪ್ಪಿತೋ ಎಂದು ತೀರ್ಮಾನಿಸಲು ದಾಳ ಸಾಕು. ಲೋಕವನ್ನು ಹೇಳುವವರು ಒಬ್ಬರು, ಅದರಲ್ಲಿ ನಡೆಯುವವರು ಉಳಿದವರು. ನಿಲ್ದಾಣದಲ್ಲಿ ಅವಳ ಜಾಗಕ್ಕೆ ಮೊದಲೇ ಮುದ್ರಿಸಿದ ದನಿ ಬಂದು, ಅವಳು ಮನೆಯಲ್ಲಿ ಕೂತು ಬಹಳ ದಿನವಾಗಿತ್ತು. ದನಿಗೆ ಕೆಲಸ ಬೇಕಾಗಿತ್ತು.

ಅಂದಿನಿಂದ ನಮ್ಮ ಬಿಡುವು ಅವರ ಆಟವಾಯಿತು. ಲೈಫಣ್ಣ ದಾಳಗಳನ್ನು ಟೀ ಲೋಟದಲ್ಲಿ ಕುಲುಕಿ ಬಾನೆಟ್ ಮೇಲೆ ಉರುಳಿಸುತ್ತಿದ್ದ. ಕೆಲವು ದಿನ ನಾನು ಸುಮ್ಮನೆ ಕೇಳಿಸಿಕೊಂಡೆ. ಒಂದು ದಿನ ಅಕ್ಕ, "ಅಲ್ಲಿ ಚಿಲ್ಲರೆ ಸದ್ದು ಮಾಡ್ತಿರೋದು ಯಾರು?" ಎಂದಳು.

"ನಮ್ಮ ಕಂಡಕ್ಟರಮ್ಮ."

"ಹಾಗಾದ್ರೆ ದೋಣಿ ಅವಳದ್ದೇ. ಏನಮ್ಮ, ಈ ಸಿಪಾಯಿನ ದಾಟಿಸ್ತೀಯಾ?"

ನನಗೆ ಬೇರೇನೂ ತೋಚಲಿಲ್ಲ. "ಟಿಕೆಟ್ ತಗೊಂಡ್ರೆ ದಾಟಿಸ್ತೀನಿ. ಪಾಸ್ ನಡೆಯಲ್ಲ" ಅಂದೆ. ಅಕ್ಕ ಬಿದ್ದುಬಿದ್ದು ನಕ್ಕಳು. ಹಾಗೆ ನಾನೂ ಆ ಲೋಕಕ್ಕೆ ಸೇರಿದೆ.

ಆದರೆ ಮೈ ಆಟದ ಮಾತು ಕೇಳುತ್ತದೆಯೇ? ಲೈಫಣ್ಣನ ಸೊಂಟ ಕೈಕೊಡುತ್ತಾ ಬಂದಿತ್ತು. ಕೋಟೆಯ ಬಾಗಿಲಲ್ಲಿ ಕದನ ಕಾವೇರುತ್ತಿರುವಾಗಲೇ ಅವನ ತಲೆ ಸ್ಟೀರಿಂಗಿಗೆ ವಾಲುತ್ತಿತ್ತು. ಮೊದಲ ಸಲ ನಾನು ಎಬ್ಬಿಸಲು ಹೋದೆ.

"ಬೇಡಮ್ಮ, ಮಲಗಲಿ" ಎಂದಳು ಅಕ್ಕ, ಗೊರಕೆ ಕೇಳಿಸಿಕೊಂಡು. "ಸಿಪಾಯಿ ಬಂಡೆಗೆ ಒರಗಿ ನಿದ್ದೆ ಮಾಡ್ತಿದಾನೆ ಅಂತ ಇಟ್ಕೋ. ಶತ್ರುಗಳೂ ಊಟಕ್ಕೆ ಹೋಗಿದಾರೆ."

"ನಿಮಗೆ ಬೇಜಾರಾಗಲ್ವಾ ಅಕ್ಕಾ?"

"ನನಗೂ ಸುಸ್ತೇ ಕಣಮ್ಮ. ಒಂದು ಲೋಟ ನೀರು ತಗೊಳ್ಳೋಕೆ ಗೋಡೆಯೆಲ್ಲ ಮುಟ್ಕೊಂಡು ಹೋಗ್ಬೇಕು. ನೀರು ಕುಡಿಯೋ ಹೊತ್ತಿಗೆ ಯಾಕೆ ಎದ್ದೆ ಅನ್ಸಿರುತ್ತೆ." ಆಮೇಲೆ, "ಅವನು ಎದ್ದಮೇಲೆ ಕೋಟೆ ಬಾಗಿಲು ಇನ್ನೂ ಮುರಿದಿಲ್ಲ ಅಂತ ಹೇಳು" ಎಂದಳು.

ಅದಾದ ಒಂದೆರಡು ವರ್ಷಕ್ಕೆ ಡಾಕ್ಟರು ಅವನನ್ನು ಸ್ಟೀರಿಂಗಿನಿಂದ ಇಳಿಸಿದರು. ಡಿಪೋದ ಸ್ಟೋರಿನಲ್ಲಿ ಟೈರು, ಆಯಿಲು ನೋಡಿಕೊಳ್ಳುವ ಕೆಲಸ ಕೊಟ್ಟರು. ಬಸ್ಸಿನ ಮೇಲಿನ ಕೊನೆಯ ದಿನ, ಕೊನೆಯ ಸ್ಟಾಪಿನಲ್ಲಿ, ಅಕ್ಕನ ಫೋನು ಬಂದಾಗ ಅವನು ದಾಳ ತೆಗೆಯಲಿಲ್ಲ.

"ಅಕ್ಕಾ, ಒಂದು ಮಾತು. ಸಿಪಾಯಿಗೆ ಸಾಕಾಗಿದೆ. ಅವನನ್ನ ಒಂದು ಒಳ್ಳೆ ಯುದ್ಧದಲ್ಲಿ ಸಾಯಿಸಿಬಿಡು."

ನಾನು ಟಿಕೆಟ್ ಮೆಷಿನ್ನು ಹಿಡಿದುಕೊಂಡು ಹೊರಗೆ ನೋಡುತ್ತಾ ಕೂತೆ. ನನ್ನ ಕಣ್ಣು ತುಂಬಿತ್ತು. ಯಾಕೆಂದು ನನಗೇ ನಾಚಿಕೆ. ಇಲ್ಲದ ಒಬ್ಬ ಸಿಪಾಯಿಗಾಗಿ ಯಾರಾದರೂ ಅಳುತ್ತಾರೆಯೇ?

"ಸಾಯ್ಸಲ್ಲ" ಎಂದಳು ಅಕ್ಕ. "ನಿನಗೆ ಕೊಟ್ಟ ಹಾಗೆ ಅವನಿಗೂ ಲೈಟ್ ಡ್ಯೂಟಿ ಕೊಡ್ತೀನಿ. ಹೊಳೆ ದಡದಲ್ಲಿ ಒಂದು ಸತ್ರ ಇದೆ. ಅದನ್ನ ನೋಡ್ಕೊಂಡಿರಲಿ. ಬರೋರಿಗೆ ನೀರು ಕೊಡೋದು, ಜಾಗ ತೋರಿಸೋದು, ಅವರು ಹೇಳೋ ಕಥೆ ಕೇಳೋದು."

"ಹೊಡೆದಾಟ?"

"ಇರಲ್ಲ."

"ಆಮೇಲೆ ಆಟ ಎಲ್ಲಿಂದ ಬರುತ್ತೆ?"

"ನೋಡೋಣ ಇರೋ, ಆತುರ ಯಾಕೆ?"

ಬಂತು. ಮೊದಲಿನ ಥರ ಅಲ್ಲ. ನನಗೆ ವಾರದ ರಜೆ ಇದ್ದ ದಿನ ನಾನು ಅವನ ಮನೆಗೆ ಹೋಗುತ್ತೇನೆ. ಫೋನು ಮೇಜಿನ ಮೇಲೆ, ಲೈಫಣ್ಣ ಗೋಡೆಗೆ ದಿಂಬಿಟ್ಟು ಒರಗಿ ಚಾಪೆಯ ಮೇಲೆ. ಸತ್ರಕ್ಕೆ ಯಾರ್‍ಯಾರೋ ಬರುತ್ತಾರೆ: ದಾರಿ ತಪ್ಪಿದ ರಾಜಕುಮಾರಿ, ಹಲ್ಲುನೋವಿನ ರಾಕ್ಷಸ, ಒಮ್ಮೆ ಇಸ್ತ್ರಿಪೆಟ್ಟಿಗೆ ಹೊತ್ತ ಒಬ್ಬ ಮುದುಕ. ಅವನು ಬಂದ ದಿನ ಅಕ್ಕ ತಮ್ಮ ಇಬ್ಬರೂ ಬಹಳ ಹೊತ್ತು ಅವನ ಹತ್ತಿರ ಮಾತಾಡಿದರು. ಅಂಗಡಿ ಹೇಗಿದೆ, ಕೆಮ್ಮು ಕಡಿಮೆಯಾಯಿತಾ, ಉಂಡೆಯಾ ಎಂದೆಲ್ಲ ಕೇಳಿದರು. ನಾನು ದೋಣಿ ಬಿಟ್ಟು ಅಡುಗೆಮನೆಗೆ ಎದ್ದುಹೋದೆ. ಅತ್ತಿಗೆ ಅಲ್ಲಿ ಪಾತ್ರೆ ತೊಳೆಯುವುದು ನಿಲ್ಲಿಸಿ ನಿಂತಿದ್ದರು.

ಹೋದ ತಿಂಗಳು ಅಕ್ಕ ತಾನೇ ಬಂದಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಅಷ್ಟು ದೊಡ್ಡ ದನಿಗೆ ಅಷ್ಟು ಸಣ್ಣ ಹೆಂಗಸು. ತಮ್ಮನ ಪಕ್ಕ ಕೂತು, ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಎಷ್ಟು ದಪ್ಪ ಆಗಿದೆಯೋ, ಗುಂಡಿ ಒತ್ತೋ ಬೆರಳೇನೋ ಇದು" ಎಂದಳು. ಅವನು ನಕ್ಕ. ಸೊಂಟದ ಮಾತ್ರೆ ನುಂಗಿದ್ದರಿಂದ ಆಟ ಶುರುವಾಗುವ ಮೊದಲೇ ಅವನ ಕಣ್ಣೆಳೆಯುತ್ತಿತ್ತು, ಸ್ವಲ್ಪ ಹೊತ್ತಿಗೆ ಅಲ್ಲೇ ಉರುಳಿದ.

ಬಟ್ಟೆ ಮಡಿಸುತ್ತಾ ಕೂತಿದ್ದ ಅತ್ತಿಗೆಯ ಕಡೆಗೆ ಅಕ್ಕ ಮುಖ ತಿರುಗಿಸಿ, "ಇವತ್ತು ಸತ್ರ ನೀನೇ ನೋಡ್ಕೋಬೇಕು ಕಣೆ" ಎಂದಳು.

"ನನಗೆ ಇದೆಲ್ಲ ಬರಲ್ಲ" ಎಂದರು ಅತ್ತಿಗೆ.

"ಬರೋದೇನಿದೆ? ಯಾರೋ ಬಾಗಿಲು ಬಡೀತಿದಾರೆ. ಹೊರಗೆ ಕುದುರೆ ನಿಂತಿದೆ, ಮೈಯೆಲ್ಲ ಕೆಸರು. ಏನ್ಮಾಡ್ತೀಯ ಹೇಳು."

ಅತ್ತಿಗೆ ಮಲಗಿದ್ದ ಗಂಡನನ್ನು ನೋಡಿದರು, ನನ್ನನ್ನು ನೋಡಿದರು. ಕೈಯಲ್ಲಿದ್ದ ಟವೆಲನ್ನು ಮಡಿಸಿ ಮುಗಿಸಿದರು.

"ಕುದುರೆ ಹೊರಗೇ ಇರಲಿ" ಎಂದರು. "ಅವನಿಗೆ ಕಾಲು ಒರೆಸ್ಕೊಂಡು ಒಳಗೆ ಬರೋಕೆ ಹೇಳಿ. ಈಗಷ್ಟೇ ನೆಲ ಸಾರಿಸಿದೀನಿ."