ಅಕ್ಕನ ಯಂತ್ರಕ್ಕೆ ಬೇರೆ ಲೈನು

ಬಾಗಲಕೋಟೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟೆ. ಹಳೆಯ ಶಾಲಾ ವ್ಯಾನೊಂದನ್ನು ಕೊಂಡು, ಎರಡು ಹಾಸಿಗೆ, ಸಣ್ಣ ಫ್ರಿಜ್, ಕೆಟಲ್, ಬ್ಯಾಟರಿ, ಇನ್ವರ್ಟರ್ ಕೂಡಿಸಿಕೊಂಡ ಮೇಲೆ ಇದು ಮೊದಲ ಪ್ರವಾಸ. ಚಳಿಯಿತ್ತು. ಸುಮಾರು ಐವತ್ತು ಕಿಲೋಮೀಟರ್ ದೂರದ ಹುನಗುಂದದಲ್ಲಿ ಅಕ್ಕನನ್ನು ಹತ್ತಿಸಿಕೊಂಡು, ಬಾದಾಮಿಯಲ್ಲಿ ಒಂದು ರಾತ್ರಿ ತಂಗುವ ಯೋಜನೆ.

ಅಕ್ಕ ನಿವೃತ್ತ ಗಣಿತ ಶಿಕ್ಷಕಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿದೆ. ಮೂಗಿಗೆ ಗಾಳಿ ಒತ್ತುವ ಯಂತ್ರವಿಲ್ಲದೆ ಮಲಗುವಂತಿಲ್ಲ. ಕರೆಂಟಿನ ಭಯಕ್ಕೆ ನಾಲ್ಕು ವರ್ಷದಿಂದ ಒಂದು ರಾತ್ರಿಯೂ ಮನೆ ಬಿಟ್ಟಿರಲಿಲ್ಲ.

"ಮದಲ ಇಲ್ಲೇ ಮನಿ ಮುಂದ ಮಲಕೊಂಡು ನೋಡ್ತೇನಿ," ಎಂದಳು.

ಮಾಸ್ಕ್ ಹಾಕಿಕೊಂಡು ಮಲಗಿದಳು. ಯಂತ್ರ ನಡೆಯಿತು. ಆ ಖುಷಿಗೆ ನಾನು ಚಹಾಕ್ಕೆಂದು ಕೆಟಲ್ ಹಚ್ಚಿದೆ. ಇನ್ವರ್ಟರ್ ಕಿರುಚಿತು, ಎಲ್ಲವೂ ನಿಂತಿತು, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು.

"ಯಾರ್ ಮಾಡ್ಯಾರೋ ಈ ವೈರಿಂಗ್?"

"ನಾನ ಅಕ್ಕಾ."

"ತಿಳೀತು ಬಿಡು. ಇಳಕಲ್ಲಿನಾಗ ರಿಪೇರಿ ಆತಂದ್ರ ಬಾದಾಮಿ. ಇಲ್ಲಂದ್ರ ನನ್ನ ಮನಿಗೆ ತಂದು ಬಿಡು."

ಇಳಕಲ್ ಅಲ್ಲಿಂದ ಹದಿನೈದು ಕಿಲೋಮೀಟರಿನಷ್ಟು. ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಮೆಹಬೂಬ್ ಎಂಬ ಎಲೆಕ್ಟ್ರಿಷಿಯನ್ ಸಿಕ್ಕರು. ಚಾಲಕನ ಸೀಟಿನ ಕೆಳಗಿನ ಬ್ಯಾಟರಿಯಿಂದ ಹಿಂಬಾಗಿಲ ಬಳಿಯ ಇನ್ವರ್ಟರ್‌ವರೆಗೆ ನಾನು ಎಳೆದಿದ್ದ ತಂತಿಯನ್ನು ಎತ್ತಿ ಹಿಡಿದರು.

"ಸರ, ಇದು ಮನ್ಯಾಗ ಫ್ಯಾನಿಗೆ ಹಾಕೋ ತಂತಿ. ಸೀರಿ ಸೆರಗು ಕಟ್ಟಿ ಟ್ರ್ಯಾಕ್ಟರ್ ಎಳದಂಗಾತು."

"ಇಳಕಲ್ ಸೀರಿ ಆದ್ರೂ ಹರೀತೈತೇನೋ?" ಅಕ್ಕ ಕೇಳಿದಳು.

"ನಮ್ಮೂರ ಸೀರಿ ಹರಿಯೂದಿಲ್ರಿ ಅಕ್ಕಾರ, ಟ್ರ್ಯಾಕ್ಟರ್ ಕೆಡತೈತಿ!"

ತಪ್ಪು ನನ್ನದೇ. ಮನೆ ಕಟ್ಟಿದಾಗ ಉಳಿದಿದ್ದ ತಂತಿಯನ್ನೇ ಬಳಸಿದ್ದೆ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಅದೇ ಕೆಟಲ್ ಕಾಯಿಸಲು ಮನೆಯ ಲೈನಿಗಿಂತ ಸುಮಾರು ಇಪ್ಪತ್ತು ಪಟ್ಟು ಹೆಚ್ಚು ಕರೆಂಟ್ ಹರಿಯಬೇಕು. ಮೆಹಬೂಬ್ ಇನ್ವರ್ಟರನ್ನು ಬ್ಯಾಟರಿಯ ಪಕ್ಕಕ್ಕೇ ತಂದರು. ಕಾರ್ಖಾನೆಯಲ್ಲಿದ್ದ ಹೆಬ್ಬೆರಳು ದಪ್ಪದ ವೆಲ್ಡಿಂಗ್ ಕೇಬಲ್ಲನ್ನು ಎರಡು ಮೊಳ ಕತ್ತರಿಸಿ ಜೋಡಿಸಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಕೂಡಿಸಿದರು. ವ್ಯಾನಿನ ಗೋಡೆಗೆ, ಲೋಡು ಹೆಚ್ಚಾದರೆ ತಾವೇ ಬೀಳುವ ಮೂರು ಬ್ರೇಕರ್‌ಗಳ ಸಣ್ಣ ಬೋರ್ಡು ಬಂತು: ದೀಪ ಮತ್ತು ಫ್ಯಾನಿಗೆ ಒಂದು, ಕೆಟಲ್ ಮತ್ತು ಫ್ರಿಜ್ಜಿಗೆ ಒಂದು, ಅಕ್ಕನ ಯಂತ್ರಕ್ಕೇ ಒಂದು.

"ಮನಿಗೆ ಉಪ್ಪು, ಇದ್ದಲಿ ಹಾಕಿ ಅರ್ಥಿಂಗ್ ಗುಂಡಿ ತೋಡ್ತಾರಲ್ಲ, ಇದಕ ಎಲ್ಲಿ?" ಅಕ್ಕ ಬಿಡಲಿಲ್ಲ.

"ಗುಂಡಿ ಗಾಡಿ ಹಿಂದ ಓಡಿ ಬರೂದಿಲ್ರಿ. ಅರ್ಥಿಂಗ್ ತಂತಿ ಕೆಳಗಿನ ಕಬ್ಬಿಣದ ಚಾಸಿಗೇ ಬಿಗಿದೇನಿ."

ಮತ್ತೆ ಪರೀಕ್ಷೆ. ಅಕ್ಕ ಮಾಸ್ಕ್ ಹಾಕಿಕೊಂಡಳು. ಕೆಟಲ್ ಕುದಿಯಿತು. ಮೆಹಬೂಬ್ ಕೆಟಲ್ಲಿನ ಬ್ರೇಕರನ್ನು ಬೇಕೆಂದೇ ಕೆಳಗೆ ಒತ್ತಿದರು. ಕೆಟಲ್ ನಿಂತಿತು, ಯಂತ್ರ ನಿಲ್ಲಲಿಲ್ಲ. ಇದನ್ನು ಹೇಳೋಣವೆಂದು ತಿರುಗಿದರೆ, ಕಲ್ಲು ಉಜ್ಜುವ ಅಷ್ಟು ಗದ್ದಲದಲ್ಲೂ ಅಕ್ಕ ನಿದ್ದೆ ಹೋಗಿದ್ದಳು. ಒಂದೂವರೆ ತಾಸು ನಾವಿಬ್ಬರೂ ಹೊರಗೆ ನಿಂತು ಚಹಾ ಕುಡಿದೆವು.

ಅಮೀನಗಡದಲ್ಲಿ ಕರದಂಟು ಕೊಂಡು ಸಂಜೆಗೆ ಬಾದಾಮಿ ಮುಟ್ಟಿದೆವು. ಖಾನಾವಳಿಯೊಂದರಲ್ಲಿ ಖಡಕ್ ರೊಟ್ಟಿ, ಎಣ್ಣೆಗಾಯಿ ಉಂಡು, ಅಲ್ಲಿಯ ಅಂಗಳದಲ್ಲೇ ವ್ಯಾನ್ ನಿಲ್ಲಿಸಿದೆವು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಕ್ಕ ಶಾಲು ಹೊದ್ದು ವ್ಯಾನಿನ ಮೆಟ್ಟಿಲ ಮೇಲೆ ಕುಳಿತು, ಕೆಂಪು ಗುಡ್ಡ ನೋಡುತ್ತ ಚಹಾ ಕುಡಿಯುತ್ತಿದ್ದಳು. ಯಂತ್ರದ ಪರದೆಯನ್ನು ನನ್ನತ್ತ ತಿರುಗಿಸಿದಳು: ರಾತ್ರಿ ನಡೆದದ್ದು ಏಳು ತಾಸು ನಲವತ್ತು ನಿಮಿಷ.

"ಪಾಸ್ ಆದಿ. ಮೆಹಬೂಬನ ಮಾರ್ಕ್ಸ್‌ನ್ಯಾಗ."

ಗುಹೆಗಳ ಮೆಟ್ಟಿಲನ್ನು ಅವಳು ನನಗಿಂತ ಮುಂದೆ ಹತ್ತಿದಳು.

ಸಂಜೆ ಹುನಗುಂದಕ್ಕೆ ಮರಳಿದೆವು. ಯಂತ್ರವನ್ನು ಮನೆಯೊಳಗೆ ಒಯ್ಯಲು ಪ್ಲಗ್ ಕಿತ್ತೆ.

"ಅದನ್ಯಾಕ ಕೀಳ್ತೀಯೋ? ಇವತ್ತೂ ನಾ ಗಾಡ್ಯಾಗ ಮಲಗ್ತೇನಿ."

ಅಂದು ಅಕ್ಕ ತನ್ನ ಮನೆಯ ಬಾಗಿಲ ಮುಂದೆಯೇ ವ್ಯಾನಿನಲ್ಲಿ ಮಲಗಿದಳು. ನಾನು ಒಳಗೆ ಅವಳ ಮಂಚದ ಮೇಲೆ ಮಲಗಿದೆ.