ನೀರು ಬೆರೆಸದ ಸ್ಪಿರಿಟ್

ಬೈಲಹೊಂಗಲದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಹಾಲಿನ ಡೇರಿ ನಡೆಸುತ್ತಿದ್ದರು. ಯಾರೇ ಹಾಲು ತಂದರೂ ಮೊದಲು ಮುಖ ನೋಡಿ ಕಳ್ಳನೆಂದು ತೀರ್ಮಾನಿಸಿ, ಆಮೇಲೆ ಗಾಜಿನ ಲ್ಯಾಕ್ಟೋಮೀಟರನ್ನು ಹಾಲಿಗೆ ಇಳಿಬಿಡುತ್ತಿದ್ದರು. ಅದು ತುಸು ಹೆಚ್ಚು ಮುಳುಗಿದರೆ ಸಾಕು, ಓಣಿಗೆಲ್ಲ ಕೇಳುವಂತೆ ಕೂಗುವರು: "ನೀರ ಹಾಕಿದ್ದು ನನ್ನ ಕಡೆ ನಡಿಯೂದಿಲ್ರೀ!"

ಅವರ ಹೆಂಡತಿ, ನಮ್ಮ ಕಾಕುಗೆ ಸಕ್ಕರೆ ಕಾಯಿಲೆ. ಆಕೆಯ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದಾಗ, ನರ್ಸ್ ಆಗಿದ್ದ ನಾನು ಮುಳ್ಳು ಕೀಳುವ ಚಿಮಟ ಒರೆಸಲೆಂದು ಎಪ್ಪತ್ತು ಪರ್ಸೆಂಟಿನ ಸ್ಪಿರಿಟ್ ಕೊಟ್ಟೆ. ಕಾಕಾ ಬಾಟಲಿ ತಿರುಗಿಸಿ ಓದಿದರು.

"ಅಂದ್ರ ಉಳಿದದ್ದು ನೀರೇನವ್ವಾ?"

"ಹೌದ್ರಿ ಕಾಕಾ. ಆ ನೀರ ಇದ್ರನ ಕ್ರಿಮಿ ಛಲೋತ್ನಂಗ ಸಾಯತಾವ. ಬರೇ ಸ್ಪಿರಿಟ್ ಭಾಳ ಲಗೂನ ಆರತೈತಿ."

ಲ್ಯಾಕ್ಟೋಮೀಟರ್ ಇಟ್ಟುಕೊಂಡವರಿಗೆ ನರ್ಸ್ ಪಾಠ ಹೇಳುವುದೇ? ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬಿಡಿಭಾಗ ಒರೆಸಲು ಇಟ್ಟಿದ್ದ ತೊಂಬತ್ತೊಂಬತ್ತು ಪರ್ಸೆಂಟಿನದನ್ನೇ ತಂದರು. ಚಿಮಟದ ಮೇಲೆ ಬಿದ್ದದ್ದೇ ತಡ, ಅದು ಆರಿಹೋಯಿತು. ಆಹಾ ಎಂದು ಮೆಚ್ಚಿಕೊಂಡು, ಅದೇ ಚಿಮಟದಿಂದ ಮುಳ್ಳು ಕಿತ್ತರು.

ವಾರದೊಳಗೆ ಹಿಮ್ಮಡಿ ಕೀವು ತುಂಬಿ, ದವಾಖಾನೆಯಲ್ಲಿ ಕೊಯ್ಯಬೇಕಾಯಿತು. ಮನೆಯಲ್ಲಿ ಪಟ್ಟಿ ಬದಲಿಸುವ ಕತ್ತರಿ ಒರೆಸಲು ಡಾಕ್ಟರೂ ಎಪ್ಪತ್ತರದ್ದನ್ನೇ ಬರೆದುಕೊಟ್ಟರು.

ನಾನು ನೋಡಲು ಹೋದಾಗ ಕಾಕು ನೋವಿಗೆ ನರಳುತ್ತ ಮಲಗಿದ್ದರು. ಈ ಮಹಾಶಯರು ಹೊಸ ಸ್ಪಿರಿಟನ್ನು ಎತ್ತರದ ಲೋಟಕ್ಕೆ ಸುರಿದು, ಅದರಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ಕೂತಿದ್ದರು. ನೀರಿಗಿಂತಲೂ ಹಗುರವಾದ ಸ್ಪಿರಿಟಿನಲ್ಲಿ ಅದು ತಳ ಮುಟ್ಟಿತ್ತು.

"ನೋಡವ್ವಾ," ಎಂದರು, ಗೆದ್ದವರ ಮುಖ ಮಾಡಿ. "ಡಾಕ್ಟರೂ ಕಳ್ಳನ!"