ಸಣ್ಣೀರುಳ್ಳಿಯೂ ಸೋದರ ದೇಶಗಳೂ

ಕೊಲ್ಲಿಯ ಒಂದು ನಗರದ ಸಗಟು ತರಕಾರಿ ಮಾರುಕಟ್ಟೆಯಲ್ಲಿ ನಾನು ಹಲವು ವರ್ಷ ದುಡಿದೆ. ಬಂದ ಮೂಟೆಗಳನ್ನು ಬಿಚ್ಚಿ, ಕೊಳೆತದ್ದನ್ನು ಆರಿಸಿ ತೆಗೆದು, ಉಳಿದದ್ದನ್ನು ಅಂಗಡಿಗಳಿಗೆ ಕಳಿಸುವ ಗುಂಪಿನ ಮೇಸ್ತ್ರಿ ನಾನು. ಅದೇ ಕೆಲಸವನ್ನು ನನ್ನ ಜೊತೆ ನೋಡಿಕೊಳ್ಳುತ್ತಿದ್ದವನು ಪಾಕಿಸ್ತಾನದ ಪೇಶಾವರದವನು. ನಾವು ಮಾತಾಡುತ್ತಿದ್ದದ್ದು ಹಿಂದಿಯಲ್ಲಿ. ಅವನು ಅದನ್ನು ಉರ್ದು ಅನ್ನುತ್ತಿದ್ದ. ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಕನ್ನಡದವನ ಬಾಯಲ್ಲಿ ಅದು ಹೇಗೆ ಕೇಳಿಸುತ್ತಿತ್ತೋ, ನಾನು ಬಾಯಿ ತೆರೆದರೆ ಸಾಕು ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಜಗಳವನ್ನೂ ಆಡುತ್ತಿದ್ದೆವು. ಕ್ರಿಕೆಟ್ಟಿಗೆ ಆಡಿದ್ದಕ್ಕಿಂತ ಈರುಳ್ಳಿಗೆ ಆಡಿದ್ದು ಹೆಚ್ಚು. ನಮ್ಮ ದೇಶದ ಈರುಳ್ಳಿ ಮತ್ತು ಅವರ ದೇಶದ ಈರುಳ್ಳಿ ಅಲ್ಲಿ ಅಕ್ಕಪಕ್ಕದಲ್ಲೇ ಇರುತ್ತಿದ್ದವು. ಮಳಿಗೆಯ ಮಾಲೀಕ ಕೊಲ್ಲಿಯವನೇ, ಅರಬ. ಶುಕ್ರವಾರದ ನಮಾಜಿನಲ್ಲಿ ಪೇಶಾವರದವನ ಪಕ್ಕದಲ್ಲೇ ನಿಲ್ಲುತ್ತಿದ್ದ, ಮುಗಿಸಿ ಹೊರಬರುವಾಗ ತಮ್ಮಾ ಎಂದು ಕರೆದು ಅವನ ಹೆಗಲ ಮೇಲೆ ಕೈ ಹಾಕುತ್ತಿದ್ದ. ಮಾರನೆಯ ದಿನ ನಮ್ಮ ನಾಸಿಕದ ಈರುಳ್ಳಿ ಅಗ್ಗಕ್ಕೆ ಸಿಕ್ಕರೆ ಅದನ್ನೇ ತರಿಸುತ್ತಿದ್ದ. ಇದು ಪೇಶಾವರದವನಿಗೆ ನುಂಗಲಾರದ ತುತ್ತಾಗಿತ್ತು.

"ಸೋದರ ದೇಶ, ಸೋದರ ದೇಶ ಅಂತ ನಮ್ಮ ಟಿವಿಯಲ್ಲಿ ಮೂರು ಹೊತ್ತೂ ಕೂಗುತ್ತಾರೆ. ನನ್ನ ತಮ್ಮನಿಗೆ ಒಂದು ವೀಸಾ ಕೊಡಿಸಿ ಅಂತ ಈ ಸೋದರನನ್ನು ಎಷ್ಟು ಸಲ ಕೇಳಿದೆ ಗೊತ್ತೇನು? ನಿಮ್ಮ ಪಾಸ್‌ಪೋರ್ಟಿಗೆ ಈಗ ಕಷ್ಟ ಅನ್ನುತ್ತಾನೆ. ಇವನ ಎದುರಿಗೇ ಕೇರಳದವರು ಬಂದು ಸೇರಿಕೊಳ್ಳುತ್ತಿದ್ದಾರೆ," ಎಂದು ಅವನು ಹಲ್ಲು ಕಡಿಯುತ್ತಿದ್ದ.

ಊರಿಗೆ ಮರಳಿದ ಮೇಲೆ ನಾನು ದೊಡ್ಡಗಾಜನೂರಿನ ನಮ್ಮ ಹೊಲದಲ್ಲಿ ಸಣ್ಣೀರುಳ್ಳಿ ಬೆಳೆಯತೊಡಗಿದೆ. ಕೊಲ್ಲಿಯಲ್ಲಿರುವ ತಮಿಳರಿಗೂ ಮಲಯಾಳಿಗಳಿಗೂ ಸಾಂಬಾರಿಗೆ ಇದೇ ಈರುಳ್ಳಿ ಬೇಕು, ದೊಡ್ಡದು ಆಗದು. ಅಷ್ಟು ಹೊತ್ತಿಗೆ ಪೇಶಾವರದವನು ಆ ಮಳಿಗೆಯ ಖರೀದಿ ನೋಡಿಕೊಳ್ಳುವ ಮಟ್ಟಕ್ಕೆ ಏರಿದ್ದ. ಕೊಯಮತ್ತೂರಿನ ಒಬ್ಬ ರಫ್ತುದಾರನ ಮೂಲಕ ನಮ್ಮ ಸರಕನ್ನು ಅವನಿಗೇ ಕಳಿಸುವ ಏರ್ಪಾಡಾಯಿತು. ನನ್ನೊಬ್ಬನ ಬೆಳೆ ಸಾಲದೆಂದು ಅಕ್ಕಪಕ್ಕದವರನ್ನೂ ಸೇರಿಸಿಕೊಂಡೆ. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಬೆಳೆಯುತ್ತಿದ್ದವರು ನನ್ನ ತಾಯಿಯ ತಮ್ಮ, ನನ್ನ ಸೋದರಮಾವ. ಲಾರಿ ತುಂಬಿಸಿ, ಹಾಸನೂರು ದಾಟಿ, ಸಂಜೆ ಅರಣ್ಯದವರು ದಿಂಬಂ ಘಾಟಿಯ ಗೇಟು ಮುಚ್ಚುವುದರೊಳಗೆ ಕೆಳಗಿಳಿಸಬೇಕು. ದಾರಿಯಲ್ಲಿ ಆನೆ ಅಡ್ಡ ನಿಂತರೆ ಅದು ಪಕ್ಕಕ್ಕೆ ಸರಿಯುವ ತನಕ ಕಾಯಬೇಕು. ಆ ಕಾಯುವಿಕೆಯಲ್ಲಿ ನನಗೆ ಬೇಸರವಿರಲಿಲ್ಲ. ಆನೆಗೆ ಅದರದೇ ಕಾರಣ ಇರುತ್ತದೆ.

ಕಾರಣವೇ ಇಲ್ಲದೆ ಕಾಯುವುದು ಹೇಗಿರುತ್ತದೆಂದು ಗೊತ್ತಾದದ್ದು ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿದಾಗ. ದೇಶದಲ್ಲಿ ದೊಡ್ಡ ಈರುಳ್ಳಿಗೆ ಬೆಲೆ ಏರುತ್ತಿದೆ, ಹೊರಗೆ ಕಳಿಸಬಾರದು ಎಂದರು. ಸರಿ, ನಮ್ಮದು ದೊಡ್ಡದಲ್ಲವಲ್ಲ ಎಂದು ರಫ್ತುದಾರನಿಗೆ ಫೋನ್ ಮಾಡಿದೆ.

"ಅಣ್ಣೇ, ಕಸ್ಟಮ್ಸ್ ಲೆಕ್ಕದಲ್ಲಿ ಚಿನ್ನ ವೆಂಗಾಯಕ್ಕೂ ಪೆರಿಯ ವೆಂಗಾಯಕ್ಕೂ ಒಂದೇ ನಂಬರು. ವೆಂಗಾಯ ಅಂದರೆ ವೆಂಗಾಯ, ಅಷ್ಟೇ," ಎಂದ. ಸಣ್ಣದಾಗಲಿ ದೊಡ್ಡದಾಗಲಿ ಈರುಳ್ಳಿ ಈರುಳ್ಳಿಯೇ ಎಂದು ಅವನ ತಮಿಳಿನ ಅರ್ಥ.

ತಾಳವಾಡಿಯ ಒಂದು ಸರ್ಕಾರಿ ಕಚೇರಿಗೆ ಹೋದೆ. ಅಲ್ಲಿದ್ದವರು ಸಹಾನುಭೂತಿಯಿಂದ ತಲೆಯಾಡಿಸಿ, ಮೇಲಕ್ಕೆ ಬರೆದಿದ್ದೇವೆ ಎಂದು ತಮಿಳಿನಲ್ಲಿ ಹೇಳಿದರು. ಮತ್ತೆ ಹೋದಾಗಲೂ ಅದೇ ಮಾತು, ಅದೇ ಸಹಾನುಭೂತಿ. ನಮ್ಮ ಊಟದ ಮನೆಯ ನೆಲದ ಮೇಲೆ ಹರಡಿದ್ದ ಈರುಳ್ಳಿ ಮೊಳಕೆಯೊಡೆಯಿತು. ಹೆಂಡತಿ ಅದನ್ನು ದಾಟಿಕೊಂಡೇ ಒಲೆಯ ಹತ್ತಿರ ಹೋಗಿ ಬರುತ್ತಿದ್ದಳು.

ಆ ದಿನಗಳಲ್ಲಿ ಪೇಶಾವರದವನು ಒಂದು ಫೋಟೊ ಕಳಿಸಿದ. ಮಳಿಗೆಯ ಛಾವಣಿಯವರೆಗೂ ಕೆಂಪು ಮೂಟೆಗಳು. ಕರಾಚಿಯಿಂದ ಹಡಗಿನಲ್ಲಿ ಬಂದ ಅವರ ಈರುಳ್ಳಿ. ನನಗೆ ಮೈಯೆಲ್ಲ ಉರಿಯಿತು. ಫೋನ್ ಮಾಡಿ, "ಅಣಕಿಸೋದಕ್ಕೆ ಕಳಿಸಿದೆಯಾ?" ಎಂದೆ.

"ಅಣಕ ಅಲ್ಲ ಮಾರಾಯ, ಸಂತೋಷಕ್ಕೆ ಕಳಿಸಿದೆ. ಮಾಲೀಕ ಮೊದಲನೇ ಸಲ ನಮ್ಮ ದೇಶದ ಮಾಲನ್ನೇ ಹುಡುಕಿಕೊಂಡು ಬಂದ," ಎಂದ. ಆಮೇಲೆ ದನಿ ಇಳಿಸಿ, "ಆದರೆ ನಿನ್ನ ಸಣ್ಣ ಈರುಳ್ಳಿ ಯಾವಾಗ ಕಳಿಸುತ್ತೀಯ? ಮಲಯಾಳಿಗಳು ನನ್ನ ತಲೆ ತಿನ್ನುತ್ತಿದ್ದಾರೆ. ನಮ್ಮಲ್ಲಿ ಅದನ್ನು ಬೆಳೆಯುವವರೇ ಇಲ್ಲ," ಎಂದ.

ಕೊನೆಗೆ ಸರ್ಕಾರದವರು ನಿಷೇಧ ತೆಗೆದರು. ತೆಗೆದ ಕೂಡಲೇ ಮಾಲೀಕ ಮತ್ತೆ ನಮ್ಮ ದೇಶದ ಈರುಳ್ಳಿಯ ಕಡೆ ವಾಲಿದ. ಈಗ ಉರಿದುಕೊಳ್ಳುವ ಸರದಿ ಪೇಶಾವರದವನದು. ಕೆಲವು ದಿನ ಅವನು ನನ್ನ ಫೋನನ್ನೇ ಎತ್ತಲಿಲ್ಲ. ಎತ್ತಿದಾಗ ಮೊದಲು ಹೇಳಿದ್ದು, "ಸೋದರ ಮತ್ತೆ ಜಾರಿಕೊಂಡ," ಎಂದು.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಒಂದು ಬೇಸಿಗೆಯಲ್ಲಿ ಭಾರತ, ಪಾಕಿಸ್ತಾನಗಳ ನಡುವೆ ಕ್ಷಿಪಣಿ, ಡ್ರೋನುಗಳು ಹಾರಾಡಿದವು. ತಾಳವಾಡಿಯ ಟೀ ಅಂಗಡಿಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರ ಬಾಯಲ್ಲೂ ಟರ್ಕಿ. ಟರ್ಕಿ ಪಾಕಿಸ್ತಾನದ ಪರ ನಿಂತಿತು ಎಂಬ ಸುದ್ದಿ ಬಂದಿತ್ತು. ಅಲ್ಲಿನ ಸೇಬು ತಿನ್ನಬಾರದು ಎಂದು ಒಬ್ಬರು ಮೇಜು ಗುದ್ದಿ ಹೇಳಿದರು. ಟರ್ಕಿಯ ಸೇಬು ನಮ್ಮ ಬೆಟ್ಟಕ್ಕೆ ಎಂದಾದರೂ ಬಂದಿತ್ತೋ ಇಲ್ಲವೋ ನನಗೆ ತಿಳಿಯದು. ಮಾವ ಬೆಂಚಿನ ತುದಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ನನ್ನನ್ನು ಕಂಡಿದ್ದೇ ಲೋಟ ಕೆಳಗಿಟ್ಟರು.

"ಏನ್ಲಾ, ನಮ್ ಈರುಳ್ಳಿ ತಕ್ಕೊಳೋನು ಪಾಕಿಸ್ತಾನದೋನಂತಲ್ಲ?"

"ಮಾವ, ಅವ್ನು ಬರೀ ಕೆಲ್ಸಗಾರ. ಅಂಗ್ಡಿ ಅವನ್ದಲ್ಲ. ಅಂಗ್ಡಿ ಅರಬ್ರುದು."

"ಯಾರ್ದಾದ್ರೇನ್ಲಾ? ಆ ದೇಸಗಳೆಲ್ಲ ಒಂದೇ ಕಣ್ಲಾ. ಒಬ್ಬನ್ಗ ಏಟು ಬಿದ್ರ ಎಲ್ರೂ ಎದ್ ನಿಂತ್ಕತರ."

"ಎಲ್ ಎದ್ ನಿಂತ್ರು ಮಾವ? ಟರ್ಕಿ ನಿಂತ್ಕತು, ಸರಿ. ಈ ಅರಬ್ರು ಇಬ್ರಿಗೂ ಸಮಾಧಾನ ಹೇಳ್ಕಂಡು ಸುಮ್ನಾದ್ರು. ಇರಾನಿಗೂ ಪಾಕಿಸ್ತಾನಕ್ಕೂ ಎಷ್ಟು ಸಲ ಕಿತ್ತಾಟ ಆಗದ ಗೊತ್ತಾ? ಆ ಪೇಶಾವರದೋನ ತಮ್ಮನ್ಗ ಒಂದ್ ವೀಸಾ ಕೊಡಾಕಿಲ್ಲ ಅಂದ್ರು ಮಾವ, ಇದೇ ಅರಬ್ರು. ನಮ್ ಹುಡುಗ್ರಿಗ ಕೊಡ್ತರ!"

"ನೀ ಅಲ್ಲಿದ್ದು ಬಂದೋನು. ಅವ್ರ ಕಡೆ ಮಾತಾಡೇ ಮಾತಾಡ್ತಿ ಬುಡು."

ಕೊಲ್ಲಿಯಲ್ಲಿ ನಾನು ಕಳೆದ ವರ್ಷಗಳು, ಒಂದೊಂದು ಮೂಟೆಗೂ ಪೇಶಾವರದವನೊಂದಿಗೆ ನಾನು ಮಾಡಿದ ತಕರಾರು, ಎಲ್ಲವೂ ಸೇರಿ ಮಾವನ ಕಣ್ಣಲ್ಲಿ ಅವರ ಕಡೆ ಆಗಿಬಿಟ್ಟಿತ್ತು. ಸುತ್ತ ಕೂತಿದ್ದವರು ಮೊಬೈಲಿನಿಂದ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ನಾನು ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಮುಂದಿನ ಲಾರಿಗೆ ಮಾವನ ಈರುಳ್ಳಿ ಬರಲಿಲ್ಲ. ಅವರನ್ನು ನೋಡಿ ಇನ್ನೂ ಕೆಲವರು ಹಿಂದೆ ಸರಿದರು. ಮಾವ ತಮ್ಮ ಸರಕನ್ನು ಗೆಟ್ಟವಾಡಿಯ ಮೂಲಕ ಚಾಮರಾಜನಗರದ ಒಬ್ಬ ದಲ್ಲಾಳಿಗೆ ಸಾಗಿಸಿದರು. ನನ್ನ ಅರ್ಧ ಲಾರಿ ಘಾಟಿ ಇಳಿಯಿತು. ಆವತ್ತು ಮನೆಯಲ್ಲಿ ನಾನು ಯಾರ ಮೇಲೋ ಇದ್ದ ಸಿಟ್ಟನ್ನು ನೀರಿನ ಮೋಟರಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ.

"ಇದ್ಯಾಕ ಇಂಗ ಅರಚಾಡ್ತೀರಿ? ಮಾವ ನಾಕ್ ದಿನ ಬುಟ್ರ ಸರಿಯಾಯ್ತರ," ಎಂದಳು ಹೆಂಡತಿ.

ಮಾವ ಸರಿಯಾಗಲಿಲ್ಲ. ಆದರೆ ಕೆಲವು ದಿನ ಕಳೆದ ಮೇಲೆ ಪೇಶಾವರದವನಿಂದ ಒಂದು ವಿಡಿಯೊ ಕರೆ ಬಂತು. ಒಂದು ಬಲೆಚೀಲವನ್ನು ಕ್ಯಾಮೆರಾದ ಮುಂದೆ ಹಿಡಿದು, "ಇದೂ ನಿನ್ನದೇ ತಾನೆ? ಬೇರೆ ಹೆಸರಿನಲ್ಲಿ ಯಾಕೆ ಕಳಿಸಿದೆ?" ಎಂದು ಕೇಳಿದ. ನೋಡಿದರೆ ಚೀಲದ ಬಾಯಿಯನ್ನು ಹಳೆಯ ಸೀರೆಯ ಹಸಿರು ಅಂಚಿನಿಂದ ಬಿಗಿದಿದ್ದರು. ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಹಾಗೆಯೇ ಕಟ್ಟುವುದು. ನಮ್ಮ ಕಡೆ ಇನ್ನಾರೂ ಹಾಗೆ ಕಟ್ಟುವುದಿಲ್ಲ. ಚಾಮರಾಜನಗರದ ದಲ್ಲಾಳಿ ಅದನ್ನು ನಮ್ಮ ಕೊಯಮತ್ತೂರಿನ ರಫ್ತುದಾರನಿಗೇ ಮಾರಿದ್ದ. ಅದು ಸುತ್ತಿ ಬಳಸಿ ಅದೇ ಮಳಿಗೆಯ ಅದೇ ಮನುಷ್ಯನ ಕೈ ಸೇರಿತ್ತು.

ನಾನು ಆ ಕೂಡಲೇ ಬೈಕು ಹತ್ತಿ ಮಾವನ ಹೊಲಕ್ಕೆ ಹೋಗಿ ಹೇಳಿದೆ. ಅವರು ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿದರು.

"ಅದು ದಲ್ಲಾಳಿ ಮಾರಿದ್ದು ಕಣ್ಲಾ. ನಾನೇನ್ ಅವ್ನಿಗ್ ಮಾರಿಲ್ವಲ್ಲ," ಎಂದು ಮತ್ತೆ ಬಗ್ಗಿದರು.

ಮಳೆಗಾಲದ ಕೊನೆಯಲ್ಲಿ ಇನ್ನೊಂದು ಸುದ್ದಿ ಬಂತು. ಸೌದಿ ಅರೇಬಿಯಾ ಮತ್ತು ಪಾಕಿಸ್ತಾನ ರಕ್ಷಣಾ ಒಪ್ಪಂದ ಮಾಡಿಕೊಂಡಿದ್ದವು. ಒಬ್ಬರ ಮೇಲೆ ದಾಳಿಯಾದರೆ ಅದನ್ನು ಇಬ್ಬರ ಮೇಲೂ ಆದಂತೆ ನೋಡುವುದಂತೆ. ಟೀ ಅಂಗಡಿಯಲ್ಲಿ ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಬಾಯಿಬಿಟ್ಟು ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಅದೇ ಮಧ್ಯಾಹ್ನ ಪೇಶಾವರದವನು ಕರೆ ಮಾಡಿದ. ದನಿಯಲ್ಲಿ ಮದುವೆ ಮನೆಯ ಸಡಗರ.

"ಕೇಳಿದೆಯಾ? ನೋಡು, ಕೊನೆಗೂ ಸೋದರ ಅಂದರೆ ಏನು ಅಂತ ತೋರಿಸಿದರು. ಇನ್ನು ನಮ್ಮ ಕಡೆ ಬಾಗಿಲೆಲ್ಲ ತೆರೆಯುತ್ತದೆ."

"ನಿನ್ನ ತಮ್ಮನ ವೀಸಾ ಬಂತಾ?" ಎಂದೆ. ಕೇಳಬೇಕೆಂದು ಕೇಳಿದ್ದಲ್ಲ, ಬೆಳಗಿನಿಂದ ಮಾವನ ಹುಬ್ಬು ಕಣ್ಣ ಮುಂದೆಯೇ ಇತ್ತು.

"ನೀನೂ ನಿಮ್ಮ ಟಿವಿಯವರ ಹಾಗೆ ಆಗಿಬಿಟ್ಟೆ," ಎಂದು ಫೋನಿಟ್ಟ.

ಒಂದೇ ದಿನ ಇಬ್ಬರಿಂದಲೂ ನಾನು ಬೇರೆ ಕಡೆಯವನು ಅನ್ನಿಸಿಕೊಂಡದ್ದಾಯಿತು. ಮಾವನಿಗೆ ನಾನು ಅವರ ಕಡೆ, ಪೇಶಾವರದವನಿಗೆ ನಾನು ಇವರ ಕಡೆ. ನಾನು ಹೇಳಹೊರಟದ್ದು ಬಹಳ ಸಣ್ಣ ಮಾತು. ರಾಜರೂ ಮಂತ್ರಿಗಳೂ ಅಪ್ಪಿಕೊಳ್ಳುವುದು ಬೇರೆ, ಮಾರುಕಟ್ಟೆಯಲ್ಲಿ ಮೂಟೆ ಇಳಿಯುವುದು ಬೇರೆ, ಒಬ್ಬ ಹುಡುಗನಿಗೆ ಕೆಲಸ ಸಿಗುವುದು ಇನ್ನೂ ಬೇರೆ. ಇಷ್ಟನ್ನು ಹೇಳಲು ನನಗೆ ಎರಡು ಭಾಷೆಯಲ್ಲೂ ಆಗಲಿಲ್ಲ.

ಅವನು ಮತ್ತೆ ಮಾತಾಡಿದ್ದು ಚಳಿ ಶುರುವಾಗುವ ಹೊತ್ತಿಗೆ. ಈ ಸಲ ಸಡಗರವಿರಲಿಲ್ಲ. ಅವನ ತಂದೆಯದು ಒಂದು ಲಾರಿ. ಪೇಶಾವರದ ಆಚೆಗಿನ ಗಡಿಯಿಂದ ಅಫ್ಘಾನಿಸ್ತಾನದ ದ್ರಾಕ್ಷಿ, ದಾಳಿಂಬೆ, ಟೊಮೇಟೊ ತರುವುದೇ ಆ ಮನೆಯ ಜೀವನ. ಎರಡು ದೇಶಗಳೂ ಒಂದರ ಮೇಲೊಂದು ಗುಂಡು ಹಾರಿಸಿಕೊಂಡು ಆ ಗಡಿ ಮುಚ್ಚಿಹೋಗಿತ್ತು. ತಂದೆ ಸರಕು ತುಂಬಿದ ಲಾರಿಯ ಜೊತೆ ಆ ಕಡೆಯೇ ಸಿಕ್ಕಿಕೊಂಡಿದ್ದರು.

"ದ್ರಾಕ್ಷಿ ಲಾರಿಯಲ್ಲೇ ಕೊಳೆತು ಸೋರುತ್ತಿದೆಯಂತೆ. ಅಪ್ಪ ಚಕ್ರದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದಾರೆ. ಅಲ್ಲಿರುವವರೂ ನಮ್ಮ ಭಾಷೆಯವರೇ, ನಮ್ಮ ಧರ್ಮದವರೇ. ನನ್ನ ಅಜ್ಜಿ ಹುಟ್ಟಿದ್ದೇ ಆ ಕಡೆ. ನಾನು ಯಾರನ್ನು ಬಯ್ಯಲಿ ಹೇಳು," ಎಂದ.

ತನ್ನ ಊರಿನಲ್ಲಿ ಟೊಮೇಟೊ ಬೆಲೆ ಮುಗಿಲು ಮುಟ್ಟಿದೆ, ತಾಯಿ ಸಾರಿಗೆ ಮೊಸರು ಹಾಕಿ ಅಡುಗೆ ಮಾಡುತ್ತಿದ್ದಾಳೆ ಎಂದೂ ಹೇಳಿದ. ನಾನು ಆಗ ನಿಂತದ್ದು ನಮ್ಮ ಟೊಮೇಟೊ ಹೊಲದ ಬದುವಿನ ಮೇಲೆ. ಆ ವಾರ ಸಂತೆಯಲ್ಲಿ ಟೊಮೇಟೊವನ್ನು ಕೇಳುವವರೇ ಇರಲಿಲ್ಲ. ಕೀಳುವ ಕೂಲಿಯೂ ಹುಟ್ಟದೆಂದು ಗಿಡದಲ್ಲೇ ಬಿಟ್ಟಿದ್ದೆವು. ಹಣ್ಣು ಬಿರಿದು ಮಣ್ಣಿಗೆ ಅಂಟಿತ್ತು. ಅದನ್ನು ಅವನಿಗೆ ಫೋನಿನಲ್ಲಿ ತೋರಿಸಿದೆ.

"ಕಳಿಸು ಮತ್ತೆ," ಎಂದ.

"ಯಾವ ದಾರಿಯಲ್ಲಿ ಕಳಿಸಲಿ? ನಮ್ಮಿಬ್ಬರ ಗಡಿ ತೆರೆದಿದೆಯಾ?"

"ಅದೂ ಮುಚ್ಚಿದೆ."

"ಮತ್ತೆ ಯಾಕೆ ಕಳಿಸು ಅನ್ನುತ್ತೀಯ? ನೀನೂ ಮಾತಿಗೆ ಅನ್ನುತ್ತೀಯ, ಅವರೂ ಮಾತಿಗೆ ಅನ್ನುತ್ತಾರೆ!" ಎಂದು ನಾನು ಕೂಗಿಯೇಬಿಟ್ಟೆ. ಅವನು ಬಯ್ಯಲಿಲ್ಲ. ಆಯಿತು, ಸಣ್ಣ ಈರುಳ್ಳಿಯನ್ನಾದರೂ ಈ ವಾರ ತಪ್ಪಿಸಬೇಡ ಎಂದ. ಅವನ ತಂದೆ ಆಮೇಲೆ ಕೊಳೆತದ್ದನ್ನು ಅಲ್ಲೇ ಸುರಿದು, ಲಾರಿಯನ್ನು ಪರಿಚಯದವರ ಅಂಗಳದಲ್ಲಿ ಬಿಟ್ಟು, ಹೇಗೋ ಮನೆ ಸೇರಿದರೆಂದು ಕೇಳಿದೆ. ಲಾರಿ ಇನ್ನೂ ಆ ಕಡೆಯೇ ಇದೆಯಂತೆ. ತಮ್ಮನಿಗೆ ವೀಸಾ ಬಂದಿಲ್ಲ. ಮಾವ ಈಗಲೂ ಚಾಮರಾಜನಗರದ ದಲ್ಲಾಳಿಗೇ ಕೊಡುತ್ತಾರೆ, ನನಗಿಂತ ಕಡಿಮೆ ದರಕ್ಕೆ.

ಆವತ್ತು ಫೋನಿಟ್ಟಾಗ ಹೆಂಡತಿ ಬದುವಿನ ಆ ತುದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಅವ್ನಿಗ್ಯಾಕ ಅಂಗ ಬಯ್ದ್ರಿ, ಪಾಪ?" ಎಂದಳು. ಅವಳು ಹೊಲದ ಕಡೆ ತಿರುಗಿ, "ಇನ್ ಇದ ನೋಡ್ಕಂಡ್ ಏನ್ ಮಾಡಿರಿ, ದನಾನಾದ್ರೂ ಬುಟ್ಟುಬುಡಿ, ಮೇಯ್ಲಿ," ಎಂದಳು.

ನಾನು ಹೋಗಿ ಬೇಲಿಯ ಮುಳ್ಳು ಎಳೆದು ಪಕ್ಕಕ್ಕೆ ಹಾಕಿದೆ. ದನಗಳು ಒಳಗೆ ಬಂದು ಮೊದಲು ಸೊಪ್ಪನ್ನು ಮೂಸಿ ನೋಡಿದವು, ಆಮೇಲೆ ಹಣ್ಣಿಗೆ ಬಾಯಿ ಹಾಕಿದವು.